ಹೊಟ್ಟೆ ಸ್ಕ್ಯಾನ್‌ಗೆ ರೇಡಿಯಾಲಜಿಸ್ಟೇ ಬೇಕಾ, ಆರು ತಿಂಗಳ ತರಬೇತಿ ಸಾಕಾ?

ಗರ್ಭಿಣಿಯ ಸ್ಕ್ಯಾನ್ ಯಾರು ಮಾಡಬಹುದು? ನಮ್ಮ ದೇಶದಲ್ಲಿ ಇದನ್ನು ಮೆಡಿಕಲ್ ಕಾಲೇಜಿಗಿಂತ ಜಾಸ್ತಿ ಕಾನೂನೇ ತೀರ್ಮಾನ ಮಾಡುತ್ತದೆ. ಭ್ರೂಣಲಿಂಗ ಪತ್ತೆ ತಡೆಯೋಕೆ 1994ರಲ್ಲಿ ಬಂದ, ಈಗ ಪಿಸಿಪಿಎನ್‌ಡಿಟಿ ಅಂತ ಕರೆಯುವ ಕಾಯ್ದೆ ಅದು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅದರಡಿ ಒಂದು ನಿಯಮ ತಂದಿತು. ರೇಡಿಯಾಲಜಿ (ಸ್ಕ್ಯಾನ್, ಎಕ್ಸ್‌ರೇ ನೋಡಿ ರೋಗ ಹೇಳುವ ವಿದ್ಯೆ) ಓದದ ಎಂಬಿಬಿಎಸ್ ಡಾಕ್ಟರ್ ಆರು ತಿಂಗಳಲ್ಲಿ 300 ಗಂಟೆ ತರಬೇತಿ ಪಡೆದು, ಪರೀಕ್ಷೆ ಪಾಸಾದರೆ ಸ್ಕ್ಯಾನ್ ಮಾಡಬಹುದು. ರೇಡಿಯಾಲಜಿಸ್ಟರ ಸಂಘ ಕೋರ್ಟಿಗೆ ಹೋಯಿತು. 2016ರಲ್ಲಿ ದೆಹಲಿ ಹೈಕೋರ್ಟ್ ಈ ತರಬೇತಿ ನಿಯಮವನ್ನು ತಳ್ಳಿಹಾಕಿತು. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ನಿಯಮ ಉಳಿಯಿತು, ಜಗಳವೂ ಉಳಿಯಿತು.

ಈಗಿನ ಪ್ರಶ್ನೆ ಇಷ್ಟು. ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸ್ಕ್ಯಾನಿಂಗ್ ಕೆಲಸವನ್ನು ಈ ಆರು ತಿಂಗಳ ಡಾಕ್ಟರುಗಳ ಮೇಲೆ ಕಟ್ಟಬಹುದಾ? ಎರಡೂ ಕಡೆ ನಾನೇ ಬರೆದಿದ್ದೇನೆ. ನನ್ನ ಮನಸ್ಸು ಎತ್ತ ವಾಲಿದೆ ಅನ್ನೋದನ್ನು ಮುಚ್ಚಿಡೋಕೆ ಹೋಗಿಲ್ಲ.

ಪರ: ಕೈಗೆ ಸಿಗದ ತಜ್ಞರನ್ನು ಇಟ್ಟುಕೊಂಡು ಏನು ಮಾಡೋಣ?

ತಿಂಗಳ 9ನೇ ತಾರೀಖು ಯಾವುದಾದರೂ ತಾಲ್ಲೂಕು ಆಸ್ಪತ್ರೆಗೆ ಹೋಗಿ ನೋಡಿ. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ 2016ರಿಂದ ಆ ದಿನ ಗರ್ಭಿಣಿಯರಿಗೆ ಉಚಿತ ತಪಾಸಣೆ. ಆಶಾ ಕಾರ್ಯಕರ್ತೆಯರು ತಂತಮ್ಮ ಊರಿನ ಬಸುರಿಯರನ್ನು ಕರೆದುಕೊಂಡು ಬಂದಿರುತ್ತಾರೆ. ಎಲ್ಲರ ಕೈಯಲ್ಲೂ ತಾಯಿ ಕಾರ್ಡ್. ಸ್ಕ್ಯಾನಿಂಗ್ ರೂಮಿನ ಹೊರಗಿನ ಬೆಂಚು ತುಂಬಿ, ಮಿಕ್ಕವರು ಗೋಡೆಗೆ ಒರಗಿ ನಿಂತಿರುತ್ತಾರೆ. "ಚೆನ್ನಾಗಿ ನೀರು ಕುಡ್ಕೊಂಡು ಬನ್ನಿ, ಯೂರಿನ್‌ಗೆ ಹೋಗ್ಬೇಡಿ" ಅಂತ ಸಿಸ್ಟರ್ ಮೊದಲೇ ಹೇಳಿರುತ್ತಾರೆ. ಎಂಟು ಗಂಟೆಗೆ ನೀರು ಕುಡಿದವರು ಹನ್ನೊಂದರ ತನಕ ಕಾಲು ಬದಲಿಸುತ್ತಾ, ತಡೆದುಕೊಂಡು ನಿಂತಿರುತ್ತಾರೆ. ತಡೆಯೋಕಾಗದೆ ಹೋಗಿ ಬಂದವಳು ಮತ್ತೆ ಬಾಟಲಿ ಎತ್ತಬೇಕು. ಆಗ ಒಳಗಿಂದ ಒಬ್ಬರು ಬಂದು ಹೇಳುತ್ತಾರೆ: "ಸ್ಕ್ಯಾನಿಂಗ್ ಡಾಕ್ಟ್ರು ಇವತ್ತು ಬರಲ್ವಂತೆ, ಬೇರೆ ಕಡೆ ಡ್ಯೂಟಿ."

ಮುಂದೇನು? ಆಸ್ಪತ್ರೆ ಎದುರಿನ ಪ್ರೈವೇಟ್ ಸೆಂಟರ್. ಅಲ್ಲಿ ಸಾವಿರದ ಹತ್ತಿರ ಬಿಚ್ಚಬೇಕು. ಇಲ್ಲದವರು ಊರಿಗೆ ವಾಪಸ್. ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು, ತಾಯಿ ಕಾರ್ಡಿನ ಸ್ಕ್ಯಾನ್ ಕಾಲಂ ಖಾಲಿಯೇ ಉಳಿಯಿತು. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಪೋಡುಗಳಿಂದ (ಬುಡಕಟ್ಟು ಜನರ ಹಾಡಿಗಳಿಂದ) ಕೊಳ್ಳೇಗಾಲಕ್ಕೆ 70 ಕಿ.ಮೀ.ಗೂ ಜಾಸ್ತಿ. ಏಳು ತಿಂಗಳ ಹೊಟ್ಟೆ ಹೊತ್ತು ಆ ಘಾಟಿಯಲ್ಲಿ ಎರಡನೇ ಸಲ ಬನ್ನಿ ಅಂತ ಯಾವ ಬಾಯಲ್ಲಿ ಹೇಳೋದು?

ಸ್ಕ್ಯಾನಿಂಗ್ ಡಾಕ್ಟರ್ ಬರದಿರೋದಕ್ಕೆ ಅವರ ಸೋಮಾರಿತನ ಕಾರಣ ಅಲ್ಲ. ದೇಶದಲ್ಲಿ ಹೆಚ್ಚೂಕಡಿಮೆ 20,000 ರೇಡಿಯಾಲಜಿಸ್ಟರಿದ್ದಾರೆ ಅನ್ನೋದು ಎಲ್ಲರೂ ಹೇಳುವ ಅಂದಾಜು. ಜನ 140 ಕೋಟಿ. ಇರುವವರಲ್ಲಿ ಬಹುಪಾಲು ಪಟ್ಟಣ ಬಿಟ್ಟು ಕದಲುವುದಿಲ್ಲ. ಎಂಬಿಬಿಎಸ್ ಆದಮೇಲೆ ಮೂರು ವರ್ಷ ಎಂಡಿ. ನೀಟ್ ಪಿಜಿಯಲ್ಲಿ ಮೇಲಿನ ರ‍್ಯಾಂಕ್ ಬಂದವರು ಮುಗಿಬಿದ್ದು ತಗೊಳ್ಳುವ ಸೀಟು ಇದು. ಖಾಸಗಿ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟಿನ ಮಾತು ಕೋಟಿಗಳಲ್ಲಿ. ಅಷ್ಟು ಸುರಿದು ಓದಿದವರು ದೇವದುರ್ಗಕ್ಕೋ ಹನೂರಿಗೋ ಸರ್ಕಾರಿ ಸಂಬಳಕ್ಕೆ ಬಂದು ಕೂರುತ್ತಾರೆ ಅಂತ ಕಾಯುವುದು ನೀತಿ ಅಲ್ಲ, ಹರಕೆ.

ಅದರ ಮೇಲೆ 2012ರ ಇನ್ನೊಂದು ನಿಯಮ. ಒಬ್ಬ ಡಾಕ್ಟರ್ ಒಂದು ಜಿಲ್ಲೆಯಲ್ಲಿ ಹೆಚ್ಚೆಂದರೆ ಎರಡು ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಮಾತ್ರ ಹೆಸರು ನೋಂದಾಯಿಸಬಹುದು. ಹತ್ತು ಸೆಂಟರ್‌ಗೆ ಒಬ್ಬರೇ ಸಹಿ ಹಾಕಿ, ಒಳಗೆ ಬೇರೆ ಯಾರೋ ಪ್ರೋಬ್ (ಹೊಟ್ಟೆ ಮೇಲೆ ಆಡಿಸುವ ಸಾಧನ) ಹಿಡಿಯುವ ಚಾಳಿ ನಿಲ್ಲಿಸೋಕೆ ತಂದಿದ್ದು. ಉದ್ದೇಶ ಸರಿಯೇ. ಆದರೆ ಇಡೀ ಜಿಲ್ಲೆಗೆ ಇಬ್ಬರೋ ಮೂವರೋ ರೇಡಿಯಾಲಜಿಸ್ಟರಿದ್ದರೆ ಉಳಿದ ತಾಲ್ಲೂಕುಗಳ ಯಂತ್ರಕ್ಕೆ ಹೊದಿಕೆ ಹಾಕಿಡಬೇಕಾಗುತ್ತದೆ. ಲಕ್ಷಗಟ್ಟಲೆ ಕೊಟ್ಟು ತಂದ ಯಂತ್ರ ಅದು.

ಇನ್ನು ಹಳ್ಳಿಯ ಗರ್ಭಿಣಿಗೆ ಬೇಕಿರೋದಾದರೂ ಏನು? ಗರ್ಭ ಗರ್ಭಕೋಶದೊಳಗೇ ಕೂತಿದೆಯಾ, ಕೊಳವೆಯಲ್ಲಿ ಕೂತಿದೆಯಾ. ಹಾರ್ಟ್‌ಬೀಟ್ ಇದೆಯಾ. ಒಂದಾ, ಅವಳಿನಾ. ಎಷ್ಟು ವಾರ. ಮಾಸು ಕೆಳಗೆ, ಗರ್ಭಕೋಶದ ಬಾಯಿಗೆ ಅಡ್ಡ ಇದೆಯಾ. ಕೊನೆ ತಿಂಗಳಲ್ಲಿ ಮಗು ತಲೆ ಕೆಳಗಾಗಿ ಇದೆಯಾ, ಅಡ್ಡ ತಿರುಗಿದೆಯಾ. ಹೆರಿಗೆ ಎಲ್ಲಿ ಮಾಡಿಸಬೇಕು ಅನ್ನೋದು ಈ ಐದಾರು ಪ್ರಶ್ನೆಗಳಲ್ಲೇ ಮುಕ್ಕಾಲುಪಾಲು ತೀರ್ಮಾನ ಆಗುತ್ತದೆ. ಎಂಬಿಬಿಎಸ್ ಓದಿದವರಿಗೆ ಆರು ತಿಂಗಳಲ್ಲಿ ಇದನ್ನು ಕಲಿಸೋಕಾಗಲ್ಲ ಅಂದರೆ ತಪ್ಪು ಕಲಿಸುವವರದ್ದು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದ್ದೂ ದೊಡ್ಡದೇನಲ್ಲ: 24 ವಾರ ತುಂಬುವ ಮೊದಲು ಪ್ರತಿ ಗರ್ಭಿಣಿಗೂ ಒಂದು ಸ್ಕ್ಯಾನ್ ಆಗಲಿ. ಬರೀ ಒಂದು.

ಬ್ರಿಟನ್‌ನಲ್ಲಿ ಗರ್ಭಿಣಿಯರ ಮಾಮೂಲಿ ಸ್ಕ್ಯಾನ್ ಮಾಡಿ ರಿಪೋರ್ಟ್ ಬರೆಯುವವರು ಹೆಚ್ಚಾಗಿ ಸೋನೋಗ್ರಾಫರುಗಳು. ಅವರು ಡಾಕ್ಟರೇ ಅಲ್ಲ. ನಮ್ಮಲ್ಲಿ ಡಾಕ್ಟರ್ ಆದವರಿಗೂ ಬೇಡ ಅನ್ನುತ್ತಿದ್ದೇವೆ. ಅತ್ತ ಜಾಂಬಿಯಾ ಮತ್ತು ಅಮೆರಿಕದ ಗರ್ಭಿಣಿಯರ ಸ್ಕ್ಯಾನ್‌ಗಳನ್ನು ಇಟ್ಟುಕೊಂಡು ಮಾಡಿ, 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಟ್ಟೆ ಮೇಲೆ ಪ್ರೋಬನ್ನು ಸುಮ್ನೆ ಗೊತ್ತುಮಾಡಿದ ದಾರಿಯಲ್ಲಿ ಎಳೆದರೂ ಕಂಪ್ಯೂಟರ್ ಗರ್ಭದ ವಾರಗಳನ್ನು ಲೆಕ್ಕ ಹಾಕಿ ತೋರಿಸಿತು. ಲೋಕ ಆ ಕಡೆ ಹೊರಟಿದೆ.

ಸ್ಕ್ಯಾನ್ ಅಂದರೆ ಬಸುರಿ ಮಾತ್ರ ಅಲ್ವಲ್ಲ. ಬೈಕ್ ಅಪಘಾತ ಆಗಿ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯಾ ಅಂತ ಎರಡು ನಿಮಿಷದಲ್ಲಿ ನೋಡಬಹುದು. ಡೆಂಗಿ ಸುಸ್ತಿನ ಮಗುವಿನ ಎದೆಯಲ್ಲಿ, ಹೊಟ್ಟೆಯಲ್ಲಿ ನೀರು ಕಟ್ಟಿದೆಯಾ ಅಂತಲೂ ನೋಡಬಹುದು. ಗರ್ಭ ತೋರಿಸಬಲ್ಲ ಯಂತ್ರವೆಲ್ಲ ಕಾಯ್ದೆಯ ಕೆಳಗೇ ಬರುವುದರಿಂದ ಯಂತ್ರ, ಜಾಗ, ಮಾಡುವವರ ಹೆಸರು ಎಲ್ಲದಕ್ಕೂ ನೋಂದಣಿ. ರಾತ್ರಿ ಡ್ಯೂಟಿಯ ಡಾಕ್ಟರ್ ಪಕ್ಕದ ರೂಮಿನ ಯಂತ್ರ ಮುಟ್ಟುವ ಹಾಗಿಲ್ಲ. ರೋಗಿಯನ್ನು 108ಕ್ಕೆ ಹತ್ತಿಸಿ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ತರಬೇತಿ ಪಡೆದ ಡಾಕ್ಟರ್ ಅಲ್ಲೇ ಇದ್ದರೆ ಯಂತ್ರದ ಹೊದಿಕೆ ತೆಗೆಯಬಹುದಿತ್ತು.

ಹೆಣ್ಣು ಭ್ರೂಣಹತ್ಯೆ ಜಾಸ್ತಿ ಆಗುತ್ತೆ ಅನ್ನುವ ಭಯಕ್ಕೆ ನಮ್ಮ ರಾಜ್ಯದ್ದೇ ಉತ್ತರ ಇದೆ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಜಾಲ ನೆನಪಿರಬೇಕು. ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣಲಿಂಗ ನೋಡುತ್ತಿದ್ದರು, ನೂರಾರು ಗರ್ಭಪಾತ ಆಗಿದೆ ಅನ್ನೋದು ಆರೋಪ. ಕೊಪ್ಪರಿಗೆಯಲ್ಲಿ ಬೆಲ್ಲ ಕಾಯಿಸುವ ಜಾಗದಲ್ಲಿ ಯಾರು ನೋಂದಣಿ ಕೇಳಿದರು? ಯಾವ ಫಾರಂ ತುಂಬಿದರು? ಕಳ್ಳರಿಗೆ 300 ಗಂಟೆ ತರಬೇತಿಯ ಸರ್ಟಿಫಿಕೇಟ್ ಬೇಕಾಗಿರಲಿಲ್ಲ. ಬಾಗಿಲು ಬಿಗಿ ಮಾಡಿದ್ದರಿಂದ ನಿಂತಿದ್ದು ನಿಯತ್ತಾಗಿ ಕೆಲಸ ಮಾಡುವ ಡಾಕ್ಟರ್, ಅವರ ಮುಂದೆ ಕ್ಯೂನಲ್ಲಿದ್ದ ಬಸುರಿ.

ಹೃದಯದ ನಾಲ್ಕು ಕೋಣೆ, ಬೆನ್ನುಹುರಿ ಎಲ್ಲ ಬಿಡಿಸಿ ನೋಡುವ ಐದನೇ ತಿಂಗಳ ಸ್ಕ್ಯಾನ್ ರೇಡಿಯಾಲಜಿಸ್ಟರ ಕೈಯಲ್ಲೇ ಇರಲಿ. ಅದನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಮೊದಲ ಸ್ಕ್ಯಾನ್ ಮತ್ತು ಕೊನೆಯ ಸ್ಕ್ಯಾನ್ ಊರ ಹತ್ತಿರ ಆಗಲಿ. ಅನುಮಾನ ಬಂದವರನ್ನು ಮಾತ್ರ ಮೇಲೆ ಕಳಿಸಲಿ. ಆಗ ರೇಡಿಯಾಲಜಿಸ್ಟರ ಮುಂದಿನ ಕ್ಯೂ ಕೂಡ ಅರ್ಧ ಕರಗುತ್ತದೆ.

ವಿರೋಧ: ಸರ್ಟಿಫಿಕೇಟ್ ಹಳ್ಳಿಗೆ ಹೋಗಲ್ಲ, ಬಸ್ ಸ್ಟ್ಯಾಂಡ್ ಎದುರಿಗೆ ಹೋಗುತ್ತೆ

ಕ್ಯೂನಲ್ಲಿ ನೀರು ಕುಡಿದು ನಿಂತ ಆ ಹೆಂಗಸಿನಿಂದಲೇ ಶುರು ಮಾಡೋಣ. ಮೂರು ಗಂಟೆ ತಡೆದುಕೊಂಡು ನಿಂತವಳ ಮೂತ್ರಕೋಶ ಉಬ್ಬಿ ಗರ್ಭಕೋಶದ ಕೆಳಭಾಗವನ್ನು ಒತ್ತುತ್ತಿರುತ್ತದೆ. ಮುಂದಿನ ಗೋಡೆ ಹಿಂದಿನ ಗೋಡೆಗೆ ಹೋಗಿ ತಾಕಿದ ಹಾಗಾಗಿ, ಗರ್ಭಕೋಶದ ಬಾಯಿ ಎಲ್ಲಿ ಶುರುವಾಯಿತು ಅನ್ನೋದೇ ಮಸುಕಾಗುತ್ತದೆ. ಮೇಲಿರುವ ಮಾಸು ಬಾಯಿಗೆ ಅಡ್ಡ ಬಂದ ಹಾಗೆ ಪರದೆಯಲ್ಲಿ ಕಾಣುತ್ತದೆ. ಪಳಗಿದವರು "ಹೋಗಿ ಯೂರಿನ್ ಮಾಡಿ ಬಾರಮ್ಮ" ಅಂತ ಕಳಿಸಿ, ಮತ್ತೆ ಮಲಗಿಸಿ ನೋಡುತ್ತಾರೆ. ಆಗ ಮಾಸು ತನ್ನ ಜಾಗದಲ್ಲಿ ಇರುತ್ತದೆ. ಹೊಸಬರು "ಮಾಸು ಕೆಳಗಿದೆ" ಅಂತ ಬರೆದುಬಿಡುತ್ತಾರೆ. ಐದನೇ ತಿಂಗಳಲ್ಲಿ ನಿಜಕ್ಕೂ ಕೆಳಗಿದ್ದ ಮಾಸು ಕೂಡ ಗರ್ಭಕೋಶ ಬೆಳೆದ ಹಾಗೆ ಹೆಚ್ಚಿನವರಲ್ಲಿ ಮೇಲೆ ಸರಿಯುತ್ತದೆ. ಆದರೆ ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದದ್ದು ಸರಿಯುವುದಿಲ್ಲ. ಅವಳು ನಾಲ್ಕು ತಿಂಗಳು ಹಾಸಿಗೆ ಬಿಟ್ಟು ಏಳದೆ, ಮನೆಯವರೆಲ್ಲ ಹೆದರಿ ಕೂರುತ್ತಾರೆ.

ಪರ ವಾದದವರು "ಐದಾರು ಪ್ರಶ್ನೆ ಅಷ್ಟೇ" ಅಂದದ್ದರಲ್ಲಿ ಇದೂ ಒಂದು. ಸುಲಭದ ಪಟ್ಟಿಯೊಳಗಿನ ಪ್ರಶ್ನೆಯೇ ಹೀಗೆ. ಕೊಳವೆಯಲ್ಲಿ ಕೂತ ಗರ್ಭ ತಪ್ಪಿಹೋದರೆ ಜೀವಕ್ಕೇ ಬರುತ್ತದೆ.

ಈ ಹೊಟ್ಟೆ ಸ್ಕ್ಯಾನ್, ಅಂದರೆ ಅಲ್ಟ್ರಾಸೌಂಡ್‌ನ ತೊಂದರೆ ಏನು ಅಂದರೆ ಚಿತ್ರ ಹುಟ್ಟುವುದೇ ಕೈಯಲ್ಲಿ. ಎಕ್ಸ್‌ರೇ, ಸಿ.ಟಿ. ಹಾಗಲ್ಲ. ಟೆಕ್ನಿಷಿಯನ್ ಸರಿಯಾಗಿ ತೆಗೆದರೆ ಆ ಚಿತ್ರವನ್ನು ಎಲ್ಲಿ ಬೇಕಾದರೂ ಕೂತು ಓದಬಹುದು. ಬೆಂಗಳೂರಿನಲ್ಲೇ 2002ರಲ್ಲಿ ಶುರುವಾದ ಒಂದು ಟೆಲಿರೇಡಿಯಾಲಜಿ ಸಂಸ್ಥೆ ಅಮೆರಿಕದ ಆಸ್ಪತ್ರೆಗಳ ರಾತ್ರಿ ಪಾಳಿಯ ಸ್ಕ್ಯಾನ್‌ಗಳನ್ನು ನಮ್ಮ ಹಗಲಲ್ಲಿ ಓದಿ ಕಳಿಸುತ್ತಾ ಬಂದಿದೆ. (ವೈಟ್‌ಫೀಲ್ಡ್‌ನಿಂದ ಅಮೆರಿಕಕ್ಕೆ ತಲುಪುವ ಕಣ್ಣು ಯಾದಗಿರಿಗೆ ಯಾಕೆ ತಲುಪಲ್ಲ ಅಂತ ಕೇಳಬೇಕು ಅನಿಸುತ್ತೆ, ಅದು ಬೇರೆ ಮಾತು.) ಅಲ್ಟ್ರಾಸೌಂಡ್‌ನಲ್ಲಿ ಪ್ರೋಬ್ ಹಿಡಿದವರು ಓರೆ ಮಾಡದೆ ಬಿಟ್ಟ ಕೋನವನ್ನು ಆಮೇಲೆ ಯಾರೂ ತಂದು ನೋಡೋಕಾಗಲ್ಲ. ಪ್ರಿಂಟ್ ಹಾಕಿ ಕೊಟ್ಟ ನಾಲ್ಕು ಚಿತ್ರ ನಾಲ್ಕು ಕ್ಷಣದ್ದು. ತಪ್ಪಾಗಿದೆ ಅಂತ ಗೊತ್ತಾಗುವುದೂ ಹೆರಿಗೆ ದಿನವೇ.

ಮೊದಲ ಸ್ಕ್ಯಾನ್ ಮತ್ತು ಕೊನೆಯದು ಮಾತ್ರ ಇವರು ಮಾಡಲಿ ಅಂತ ಪರ ವಾದ ಹೇಳುತ್ತದೆ. ಕೇಳೋಕೆ ಚಂದ. ಆದರೆ ಅಂಥ ಅರ್ಧ ಲೈಸೆನ್ಸ್ ನಮ್ಮ ಕಾಯ್ದೆಯಲ್ಲಿಲ್ಲ. ಪರೀಕ್ಷೆ ಪಾಸಾದರೆ ಸೆಂಟರ್‌ಗೆ ಹೆಸರು ಕೊಡಬಹುದು, ಎಲ್ಲ ತಿಂಗಳ ಸ್ಕ್ಯಾನೂ ಮಾಡಬಹುದು. ಮಂಚದ ಮೇಲೆ ಮಲಗಿದವಳಿಗೆ ಎಲ್ಲ ಕಡೆ ಅದೇ ತಣ್ಣನೆ ಜೆಲ್, ಅದೇ ಕಪ್ಪು-ಬಿಳುಪು ಪ್ರಿಂಟ್, ಕೊನೆಗೆ "ನಾರ್ಮಲ್ ಇದೆ" ಅನ್ನುವ ಅದೇ ಮಾತು. ಸಹಿ ಹಾಕಿದವರು ಮೂರು ವರ್ಷ ಓದಿದವರಾ, ಆರು ತಿಂಗಳಾ ಅಂತ ಯಾರು ಕೇಳುತ್ತಾರೆ? ಐದನೇ ತಿಂಗಳಲ್ಲಿ "ನಾರ್ಮಲ್" ಅಂತ ಬರೆಸಿಕೊಂಡವಳಿಗೆ ಏಳನೇ ತಿಂಗಳಲ್ಲಿ ಮಗುವಿನ ಬೆನ್ನುಹುರಿ ಮುಚ್ಚಿಲ್ಲ ಅಂತ ಗೊತ್ತಾದರೆ ದಾರಿ ತುಂಬಾ ಕಷ್ಟದ್ದು. ಗರ್ಭಪಾತದ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆದಮೇಲೂ, 24 ವಾರ ದಾಟಿದರೆ ಗರ್ಭಪಾತಕ್ಕೆ ವೈದ್ಯಕೀಯ ಮಂಡಳಿ ಒಪ್ಪಬೇಕು. ಆ ಕಾಗದ ಹಿಡಿದು ಅಲೆಯುವವರು ಯಾರು ಅಂತ ಬೇರೆ ಹೇಳಬೇಕಿಲ್ಲ.

ಬ್ರಿಟನ್ ಉದಾಹರಣೆಯನ್ನು ಪೂರ್ತಿ ಹೇಳಬೇಕಿತ್ತು. ಅಲ್ಲಿನ ಸೋನೋಗ್ರಾಫರುಗಳಲ್ಲಿ ಹೆಚ್ಚಿನವರು ರೇಡಿಯಾಗ್ರಫಿ ಪದವಿ ಮುಗಿಸಿ, ಅದರ ಮೇಲೆ ಅಲ್ಟ್ರಾಸೌಂಡ್‌ದೇ ಸ್ನಾತಕೋತ್ತರ ಕೋರ್ಸ್ ಮಾಡಿದವರು. ಬೆಳಿಗ್ಗೆಯಿಂದ ಸಂಜೆ ತನಕ ಅದೊಂದೇ ಕೆಲಸ. 20 ವಾರದ ಸ್ಕ್ಯಾನ್‌ನಲ್ಲಿ ಯಾವ 11 ತೊಂದರೆಗಳನ್ನು ಹುಡುಕಬೇಕು ಅನ್ನೋದಕ್ಕೆ ಇಡೀ ಇಂಗ್ಲೆಂಡ್‌ಗೆ ಒಂದೇ ಪಟ್ಟಿ ಇದೆ, ತಪ್ಪಿದ್ದನ್ನು ಲೆಕ್ಕ ಇಡುವ ವ್ಯವಸ್ಥೆ ಇದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಬೆಳಿಗ್ಗೆ ಓಪಿಡಿ ನೋಡಿ, ಲಸಿಕೆ ದಿನ ನೋಡಿ, ಮೀಟಿಂಗ್‌ಗೆ ಓಡಿ, ನಡುವೆ ಹಾವು ಕಚ್ಚಿದವರನ್ನೂ ನೋಡಿ, ವಾರಕ್ಕೆ ಹತ್ತು ಸ್ಕ್ಯಾನ್ ಮಾಡಿದರೆ ಕೈ ಹೇಗೆ ಪಳಗಬೇಕು?

ಈಗ ಈ ವಾದದಲ್ಲಿ ನನಗೆ ಎಲ್ಲಕ್ಕಿಂತ ಭಾರ ಅನಿಸುವ ಸಂಗತಿ. ಹಳ್ಳಿಗೆ ಸ್ಕ್ಯಾನ್ ತಂದರೆ ತಾಯಿ-ಮಗು ಉಳಿಯುತ್ತಾರಾ ಅಂತ ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರಾ? ನೋಡಿದ್ದಾರೆ. ಕಾಂಗೊ, ಗ್ವಾಟೆಮಾಲಾ, ಕೀನ್ಯಾ, ಪಾಕಿಸ್ತಾನ, ಜಾಂಬಿಯಾ ಈ ಐದು ದೇಶಗಳ ಗ್ರಾಮೀಣ ಪ್ರದೇಶಗಳಲ್ಲಿ 'ಫಸ್ಟ್ ಲುಕ್' ಅನ್ನುವ ಅಧ್ಯಯನ ನಡೆಯಿತು. ಅಲ್ಲಿನ ಆರೋಗ್ಯ ಕಾರ್ಯಕರ್ತರಿಗೆ ಅಲ್ಟ್ರಾಸೌಂಡ್ ಕಲಿಸಿದರು. ಕೆಲವು ಪ್ರದೇಶಗಳ ಗರ್ಭಿಣಿಯರಿಗೆ ಎರಡು ಸ್ಕ್ಯಾನ್, ಇನ್ನು ಕೆಲವು ಕಡೆ ಮಾಮೂಲಿ ತಪಾಸಣೆ ಮಾತ್ರ. 2018ರಲ್ಲಿ ಫಲಿತಾಂಶ ಬಂತು. ತಾಯಂದಿರ ಸಾವು, ಸಾವಿನ ಅಂಚಿಗೆ ಹೋಗಿ ಬಂದವರು, ಹೊಟ್ಟೆಯಲ್ಲೇ ಸತ್ತ ಮತ್ತು ಹುಟ್ಟಿ ಸತ್ತ ಮಕ್ಕಳು, ಇದರಲ್ಲಿ ಎರಡೂ ಕಡೆಗೆ ವ್ಯತ್ಯಾಸ ಕಾಣಲಿಲ್ಲ. ಸ್ಕ್ಯಾನ್ ಆಸೆಗೆ ಜಾಸ್ತಿ ಜನ ತಪಾಸಣೆಗೆ ಬರುತ್ತಾರೆ, ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಿಕೊಳ್ಳುತ್ತಾರೆ ಅನ್ನುವ ನಿರೀಕ್ಷೆಯೂ ಫಲಿಸಲಿಲ್ಲ. ಕಲಿತವರು ಸ್ಕ್ಯಾನ್ ಕೆಟ್ಟದಾಗಿ ಮಾಡಿದರು ಅಂತಲೂ ಅಲ್ಲ. ಅವರ ಕೆಲಸ ಚೆನ್ನಾಗಿಯೇ ಇತ್ತು. ಹಾಗಾದರೆ ಆರು ತಿಂಗಳ ತರಬೇತಿ ಸಾಲದು ಅನ್ನೋದಕ್ಕೆ ಇದು ಸಾಕ್ಷಿ ಆಗಲ್ಲ, ಒಪ್ಪುತ್ತೇನೆ. ಆದರೆ ಸ್ಕ್ಯಾನ್ ಹತ್ತಿರ ಬಂದರೆ ಸಾಕು ಅನ್ನುವ ವಾದ ಇಲ್ಲಿ ಅಲ್ಲಾಡುತ್ತದೆ. ಮಾಸು ಅಡ್ಡ ಇದೆ ಅಂತ ಗೊತ್ತಾದಮೇಲೆ ಬೇಕಾಗೋದು ರಕ್ತ, ಆಪರೇಷನ್ ಥಿಯೇಟರ್, ಅರಿವಳಿಕೆ ಕೊಡುವವರು, ರಾತ್ರಿ ಎರಡು ಗಂಟೆಗೆ ಬರುವ ಗಾಡಿ. ಅವಿಲ್ಲದ ಕಡೆ ಸ್ಕ್ಯಾನ್ ಬರೀ ಕೆಟ್ಟ ಸುದ್ದಿ ಮುಂಚೆ ತಿಳಿಸುತ್ತದೆ.

ತರಬೇತಿ ಪಡೆದವರು ಹಳ್ಳಿಯಲ್ಲಿ ನಿಲ್ಲುತ್ತಾರಾ ಅನ್ನೋದು ಇನ್ನೊಂದು ಮಾತು. ಕರ್ನಾಟಕದಲ್ಲಿ 2012ರ ಕಾಯ್ದೆ ತಂದ ಕಡ್ಡಾಯ ಗ್ರಾಮೀಣ ಸೇವೆಯ ಲೆಕ್ಕ ಒಂದು ವರ್ಷ. ಅದರಲ್ಲಿ ಆರು ತಿಂಗಳು ತರಬೇತಿಗೆ ಹೋದರೆ ಕೆಲಸಕ್ಕೆ ಉಳಿಯೋದು ಅರ್ಧ. ಅಷ್ಟರಲ್ಲಿ ಅವರು ಪಿಜಿ ಪರೀಕ್ಷೆಗೆ ಓದುತ್ತಿರುತ್ತಾರೆ. ಖಾಯಂ ಡಾಕ್ಟರ್‌ಗೂ ವರ್ಗಾವಣೆ ಇದೆ. ಸರ್ಟಿಫಿಕೇಟ್ ಮಾತ್ರ ಕೇಂದ್ರದ ಗೋಡೆಗೆ ಅಂಟಿ ಉಳಿಯಲ್ಲ, ಡಾಕ್ಟರ್ ಜೊತೆ ಹೊರಡುತ್ತದೆ. ಹೋಗಿ ನಿಲ್ಲೋದು ಪಟ್ಟಣದ ಬಸ್ ಸ್ಟ್ಯಾಂಡ್ ಎದುರಿನ ಹೊಸ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ. ಅಲ್ಲಿ ಈಗಾಗಲೇ ಮೂರು ಸೆಂಟರ್ ಇರುತ್ತವೆ.

ಹಳ್ಳಿಯಲ್ಲೇ ಉಳಿದವರ ಪಾಡು ಏನು? ಪ್ರತಿ ಗರ್ಭಿಣಿಗೂ ಫಾರಂ ಎಫ್ ತುಂಬಬೇಕು. ಇರುವ ಮಕ್ಕಳೆಷ್ಟು, ಗಂಡೆಷ್ಟು, ಹೆಣ್ಣೆಷ್ಟು, ಕೊನೆಯ ಮುಟ್ಟು ಯಾವಾಗ, ಯಾರು ಕಳಿಸಿದರು, ಯಾವ ಕಾರಣಕ್ಕೆ ಸ್ಕ್ಯಾನ್, ಲಿಂಗ ಕೇಳುವುದಿಲ್ಲ ಅಂತ ಅವಳ ಸಹಿ ಅಥವಾ ಹೆಬ್ಬೆಟ್ಟು. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ವರದಿ ಹೋಗಬೇಕು. ದಾಖಲೆ ಸರಿ ಇಡದಿದ್ದರೆ ಅದು ಗುಮಾಸ್ತರ ತಪ್ಪು ಅಂತ ಬಿಡೋಕಾಗಲ್ಲ, ಅಪರಾಧವೇ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಸ್ತ್ರೀರೋಗ ತಜ್ಞರ ಒಕ್ಕೂಟದ ಅರ್ಜಿಯಲ್ಲಿ ಸ್ಪಷ್ಟ ಮಾಡಿತು. ಕ್ಲರ್ಕ್ ಇಲ್ಲದ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಪ್ರೋಬ್ ಹಿಡಿಯಬೇಕಾ, ಪೆನ್ ಹಿಡಿಯಬೇಕಾ? ಎರಡು ಕಾಲಂ ಖಾಲಿ ಬಿಟ್ಟು ಯಂತ್ರಕ್ಕೆ ಸೀಲ್ ಬಿದ್ದರೆ ಆ ತಾಲ್ಲೂಕಿನ ಕ್ಯೂ ಇನ್ನೂ ಉದ್ದ ಆಗುತ್ತದೆ. ಇದು ಗೊತ್ತಿರುವ ಜಾಣ ಡಾಕ್ಟರ್ ತರಬೇತಿ ಮುಗಿಸಿಯೂ ಯಂತ್ರದ ಹತ್ತಿರ ಸುಳಿಯಲ್ಲ.

ಆಲೆಮನೆ ಪ್ರಕರಣದಿಂದ ಪರ ವಾದದವರು ಕಲಿತ ಪಾಠ ವಿಚಿತ್ರ. ಕಳ್ಳ ಹೇಗಿದ್ದರೂ ನುಗ್ಗುತ್ತಾನೆ, ಚಿಲಕ ಸಡಿಲ ಮಾಡೋಣ ಅಂದ ಹಾಗಾಯಿತು. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಮಕ್ಕಳಲ್ಲಿ 1000 ಗಂಡಿಗೆ ದೇಶದಲ್ಲಿ 918 ಹೆಣ್ಣು. ಕರ್ನಾಟಕದಲ್ಲಿ 948, ಹತ್ತು ವರ್ಷದ ಹಿಂದಿಗಿಂತ ಬರೀ ಎರಡು ಜಾಸ್ತಿ. ಯಂತ್ರ ಎಲ್ಲಿದೆ, ಯಾರ ಕೈಯಲ್ಲಿದೆ ಅನ್ನೋದರ ಮೇಲೆ ಈಗಲೇ ನಿಗಾ ಇಡೋಕಾಗದ ಇಲಾಖೆ ನೂರಾರು ಆರೋಗ್ಯ ಕೇಂದ್ರಗಳ ಮೇಲೆ ಹೇಗೆ ಇಡುತ್ತೆ?

ಹಾಗಂತ ಗೋಡೆಗೆ ಒರಗಿ ನಿಂತವಳನ್ನು ವಾಪಸ್ ಕಳಿಸಿ ಅಂತ ಈ ವಾದ ಹೇಳುತ್ತಿಲ್ಲ. ಎರಡು ಕೇಂದ್ರದ ಮಿತಿಯನ್ನು ಸರ್ಕಾರಿ ಆಸ್ಪತ್ರೆಗಳ ಮಟ್ಟಿಗೆ ಸಡಿಲಿಸಲಿ. ಆಗ ಜಿಲ್ಲೆಯ ಒಬ್ಬ ರೇಡಿಯಾಲಜಿಸ್ಟ್ ಸೋಮವಾರ ಒಂದು ತಾಲ್ಲೂಕು, ಬುಧವಾರ ಇನ್ನೊಂದು, ಶುಕ್ರವಾರ ಮತ್ತೊಂದು ಅಂತ ಸುತ್ತಬಹುದು. ಸರ್ಕಾರಿ ಆಸ್ಪತ್ರೆಯ ರಿಜಿಸ್ಟರ್ ಮುಚ್ಚಿಡೋಕೆ ಆಗಲ್ಲ, ದುರುಪಯೋಗದ ಭಯವೂ ಕಮ್ಮಿ. ರಾಷ್ಟ್ರೀಯ ಪರೀಕ್ಷಾ ಮಂಡಳಿ 2020ರಲ್ಲಿ ಘೋಷಿಸಿದ ಎರಡು ವರ್ಷದ ಡಿಪ್ಲೊಮಾಗಳಲ್ಲಿ ರೇಡಿಯಾಲಜಿಯೂ ಇದೆ. ಮೂರು ವರ್ಷ ಬೇಡ, ಆರು ತಿಂಗಳು ಸಾಲದು ಅನ್ನುವವರಿಗೆ ಅದು ನಡುವಿನ ದಾರಿ, ಜಿಲ್ಲಾ ಆಸ್ಪತ್ರೆಯಲ್ಲೇ ಓದಿಸಬಹುದು. ಓದಿಸುವಾಗಲೇ ಇಷ್ಟು ವರ್ಷ ಇಲ್ಲೇ ಇರಬೇಕು ಅಂತ ಬರೆಸಿಕೊಳ್ಳಬಹುದು. ಉತ್ತರ ಪ್ರದೇಶದಲ್ಲಿ ಗರ್ಭಿಣಿಯ ಮೊಬೈಲ್‌ಗೆ ಇ-ರುಪಿ ಅನ್ನುವ ಡಿಜಿಟಲ್ ವೋಚರ್ ಕಳಿಸಿ, ಖಾಸಗಿ ಸೆಂಟರ್‌ನಲ್ಲಿ ಸ್ಕ್ಯಾನ್ ಮಾಡಿಸುತ್ತಾರೆ, ದುಡ್ಡು ಸರ್ಕಾರ ಕೊಡುತ್ತದೆ. ನಮ್ಮಲ್ಲೂ ಮಾಡಬಹುದು. ಮಾಡುವುದಾದರೆ ಬರೀ ಸ್ಕ್ಯಾನಿನ ದುಡ್ಡು ಸಾಲದು. ಬೆಟ್ಟದಿಂದ ಕೊಳ್ಳೇಗಾಲಕ್ಕೆ ಅವಳು, ಜೊತೆಗೆ ಬರುವ ಅತ್ತೆ ಇಲ್ಲವೇ ಗಂಡ, ಇಬ್ಬರ ಬಸ್ ಚಾರ್ಜು, ಇಬ್ಬರ ಒಂದು ದಿನದ ಕೂಲಿ, ಇವಿಷ್ಟನ್ನೂ ಅದೇ ವೋಚರ್‌ನಲ್ಲಿ ಸೇರಿಸಿ ಕೊಡಲಿ.